ಹುಟ್ಟುಗುಣವೆಂದು ಕೈಬಿಡುವ ಮುನ್ನ

ಹಿಂದಿನ ಸಂಚಿಕೆಗಳಲ್ಲಿ ಋತುಚರ್ಯೆ, ಮಧುಮೇಹ, ಸಂಧಿವಾತಗಳನ್ನು ಕುರಿತು ಸದ್ಭಕ್ತರೊಡನೆ ಕೆಲವು ವಿಚಾರಗಳನ್ನು ಹಂಚಿಕೊಂಡಿದ್ದೆವು. ಈ ತಿಂಗಳ ವಿಷಯ ಬೇರೆ ಬಗೆಯದು. ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುತ್ತಿದ್ದಾಗ ತಾಯಿಯೊಬ್ಬರು ನಮ್ಮ ಬಳಿ ಬಂದು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರ ಮಗನಿಗೆ ಐದು ವರ್ಷ. ತಂಗಿಯನ್ನು ಕಚ್ಚುತ್ತಾನೆ, ಅಂಗನವಾಡಿಯಲ್ಲಿ ಬೇರೆ ಮಕ್ಕಳ ತಟ್ಟೆ ಉರುಳಿಸುತ್ತಾನೆ, ಹೊಡೆದರೆ ಅಳುವುದಿಲ್ಲ, ದಿಟ್ಟಿಸಿ ನೋಡುತ್ತಾನೆ. ಮನೆಯ ಹಿರಿಯರು ಅವನನ್ನು ಜೈಲು ಕಂಡುಬಂದ ಸಂಬಂಧಿಕನೊಬ್ಬನಿಗೆ ಹೋಲಿಸಿ, "ಇವನೂ ಅವನ ದಾರಿಯನ್ನೇ ಹಿಡಿಯುವವನು, ಹುಟ್ಟುಗುಣ ಸುಟ್ಟರೂ ಹೋಗದು" ಎಂದು ಮಗುವಿನ ಎದುರಿಗೇ ಆಡುತ್ತಾರಂತೆ. "ಡಾಕ್ಟರೇ, ಖರೇನೇ ಅದು ಹೋಗೂದಿಲ್ಲೇನ್ರಿ?" ಎಂದು ಆ ತಾಯಿ ಕೇಳಿದರು. ನಿಂತ ನಿಲುವಿನಲ್ಲೇ ನಾಲ್ಕು ಮಾತು ಹೇಳಿ ಕಳುಹಿಸಿದೆವು. ಆದರೆ ಆ ಪ್ರಶ್ನೆ ನಾಲ್ಕು ಮಾತಿಗೆ ಮುಗಿಯುವಂಥದಲ್ಲ.

ಅಲ್ಲದೆ ಇಂಥ ಪ್ರಶ್ನೆಗೆ ನಾವು ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದುಂಟು. ಮೂವತ್ತು ವರ್ಷಗಳ ಹಿಂದಿನ ಮಾತು. ಏಳು ವರ್ಷದ ಹುಡುಗನನ್ನು ಅವನ ತಂದೆ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ನೆರೆಮನೆಯವರ ಬಣವೆಗೆ ಬೆಂಕಿಯಿಟ್ಟಿದ್ದ. ಅದಕ್ಕೆ ಮೊದಲು ನಾಯಿಮರಿಯೊಂದನ್ನು ಬಾವಿಗೆ ಎಸೆದಿದ್ದ. ತಾಯಿ ತಲೆಯ ಮೇಲೆ ಸೆರಗು ಹೊದ್ದು ಮೂಲೆಯಲ್ಲಿ ಕುಳಿತಿದ್ದರು. ಅವರನ್ನು ನಾವು ಒಂದು ಮಾತೂ ಕೇಳಲಿಲ್ಲ. ಹುಡುಗನಿಗೆ ಬ್ರಾಹ್ಮೀ ಘೃತ ಬರೆದುಕೊಟ್ಟು, "ಗಂಡುಹುಡುಗ, ಬೆಳೆದಂತೆ ತಿಳಿವಳಿಕೆ ಬರುತ್ತದೆ, ಸ್ವಲ್ಪ ಬಿಗಿಯಾಗಿಟ್ಟುಕೊಳ್ಳಿ" ಎಂದೆವು. ತಂದೆಗೆ ಕುಡಿತದ ಚಟವಿತ್ತೆಂದೂ ನಮ್ಮ 'ಬಿಗಿ' ಎಂಬ ಮಾತು ಆ ಮನೆಯಲ್ಲಿ ಬೆಲ್ಟಿನ ಏಟಾಯಿತೆಂದೂ ನಮಗೆ ತಿಳಿದದ್ದು ಬಹಳ ತಡವಾಗಿ. ಹುಡುಗ ಹದಿನಾರಕ್ಕೆ ಶಾಲೆ ಬಿಟ್ಟ. ಇಪ್ಪತ್ತೆರಡಕ್ಕೆ ಹೊಡೆದಾಟದ ಪ್ರಕರಣದಲ್ಲಿ ಸಿಕ್ಕಿಕೊಂಡ. ಕೌಮಾರಭೃತ್ಯವನ್ನು ಓದಿ ಪರೀಕ್ಷೆ ಮುಗಿಸಿ ಬಂದಿದ್ದ ನಮಗೆ ಆ ಹೊತ್ತಿನಲ್ಲಿ ಅದರ ಒಂದಕ್ಷರವೂ ನೆನಪಾಗಲಿಲ್ಲವೆಂಬ ಸಂಕೋಚ ಇಂದಿಗೂ ಇದೆ.

ಮೊದಲಿಗೆ 'ವ್ಯಕ್ತಿತ್ವ ದೋಷ' ಎಂಬ ಪದವನ್ನು ಸ್ಪಷ್ಟಪಡಿಸಿಕೊಳ್ಳೋಣ. ಇದು ಜ್ವರದಂತೆ ಬಂದುಹೋಗುವ ಕಾಯಿಲೆಯಲ್ಲ. ಲೋಕವನ್ನು ಕಾಣುವ, ಇತರರೊಡನೆ ನಡೆದುಕೊಳ್ಳುವ, ತನ್ನ ಕೋಪತಾಪಗಳನ್ನು ನಿಭಾಯಿಸುವ ರೀತಿಯೇ ಡೊಂಕಾಗಿ ಬೆಳೆದು, ವರ್ಷಗಟ್ಟಲೆ ಹಾಗೆಯೇ ನಿಂತು, ಆ ವ್ಯಕ್ತಿಗೂ ಸುತ್ತಲಿನವರಿಗೂ ಸಂಕಟ ತರುವ ಸ್ಥಿತಿ ಇದು. ಇತರರ ನೋವನ್ನು ಲೆಕ್ಕಿಸದ ಸಮಾಜವಿರೋಧಿ ಸ್ವಭಾವ ಇದರಲ್ಲಿ ಒಂದು ಬಗೆ. ಗಳಿಗೆಗೊಮ್ಮೆ ಭಾವನೆಗಳು ಏರಿಳಿದು, ಸಂಬಂಧಗಳು ಮುರಿದು, ತನ್ನನ್ನೇ ಗಾಯಪಡಿಸಿಕೊಳ್ಳುವುದು ಇನ್ನೊಂದು. ಎಲ್ಲರನ್ನೂ ಶಂಕಿಸುವುದು, ಜನರಿಂದ ದೂರ ಸರಿದು ವಿಚಿತ್ರ ನಂಬಿಕೆಗಳಲ್ಲಿ ಮುಳುಗುವುದು ಮುಂತಾದ ಬಗೆಗಳೂ ಇವೆ. ಮನಸ್ಸಿನ ಧಾತು ಎಲ್ಲರಲ್ಲೂ ಒಂದೇ ಅಲ್ಲವೆಂಬುದು ನಮ್ಮ ಆಚಾರ್ಯರಿಗೆ ಹೊಸ ಮಾತಾಗಿರಲಿಲ್ಲ. ಚರಕರು ಶಾರೀರಸ್ಥಾನದಲ್ಲಿ ಶುದ್ಧ ಸತ್ತ್ವದಲ್ಲಿ ಏಳು, ರಾಜಸದಲ್ಲಿ ಆರು, ತಾಮಸದಲ್ಲಿ ಮೂರು, ಹೀಗೆ 16 ಬಗೆಯ ಮನಃಪ್ರಕೃತಿಗಳನ್ನು ವಿವರಿಸಿದ್ದಾರೆ. ಆದರೆ ಅವು ರೋಗಗಳ ಪಟ್ಟಿಯಲ್ಲ, ಒಲವುಗಳ ವರ್ಣನೆ. ಈ ಭೇದವನ್ನು ಮರೆಯಬಾರದು.

ಮಕ್ಕಳಿಗೆ ಈ ಹೆಸರುಗಳನ್ನು ಅಂಟಿಸಬಾರದು. ಸಮಾಜವಿರೋಧಿ ವ್ಯಕ್ತಿತ್ವ ದೋಷವೆಂಬ ನಿದಾನವನ್ನು 18 ವರ್ಷ ತುಂಬುವ ಮೊದಲು ಯಾರಿಗೂ ಕೊಡಬಾರದೆಂದು ಆಧುನಿಕ ಮನೋವೈದ್ಯಶಾಸ್ತ್ರವೂ ನಿಯಮ ಮಾಡಿಕೊಂಡಿದೆ. ಐದು ವರ್ಷದ ಮಗುವಿಗಿರುವುದು ವರ್ತನೆಯ ತೊಡಕು, ಅಷ್ಟೆ. ಅದು ಮುಂದೆ ಗಟ್ಟಿಯಾಗಬಹುದು, ಆಗದೆಯೂ ಇರಬಹುದು.

ಎಷ್ಟು ಮಕ್ಕಳಲ್ಲಿ ಗಟ್ಟಿಯಾಗುತ್ತದೆ? ಇದಕ್ಕೆ ಅಮೆರಿಕದ ಲೀ ರಾಬಿನ್ಸ್ ಎಂಬ ವಿದುಷಿ ಮಾಡಿದ ಕೆಲಸವೊಂದು ಇಂದಿಗೂ ಆಧಾರವಾಗಿದೆ. ಸೇಂಟ್ ಲೂಯಿಸ್ ನಗರದ ಮಕ್ಕಳ ಚಿಕಿತ್ಸಾಲಯಕ್ಕೆ ಒಂದು ಕಾಲದಲ್ಲಿ ಬಂದಿದ್ದ 524 ಮಕ್ಕಳನ್ನು ಆಕೆ ಸುಮಾರು ಮೂವತ್ತು ವರ್ಷಗಳ ತರುವಾಯ ಹುಡುಕಿ, ಏನಾಗಿದ್ದಾರೆಂದು ಪರಿಶೀಲಿಸಿ, 1966ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಸಮಾಜವಿರೋಧಿಗಳಾಗಿ ಬೆಳೆದ ವಯಸ್ಕರಲ್ಲಿ ಬಹುತೇಕ ಎಲ್ಲರೂ ಬಾಲ್ಯದಲ್ಲಿಯೇ ಅಂಥ ನಡತೆ ತೋರಿದ್ದರು. ಹಿರಿಯರು ಹೇಳುವುದರಲ್ಲಿ ಇಷ್ಟು ಮಾತ್ರ ನಿಜ. ಆದರೆ ಬಾಲ್ಯದಲ್ಲಿ ತೀವ್ರವಾದ ತೊಡಕು ತೋರಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ದೊಡ್ಡವರಾದ ಮೇಲೆ ಹಾಗಾಗಲಿಲ್ಲ. ಅಂದರೆ ಬೆಳೆದ ಕೇಡಿಗನ ಬಾಲ್ಯವನ್ನು ಹಿಂದಿರುಗಿ ನೋಡಿದರೆ ಎಲ್ಲವೂ ಮೊದಲೇ ಬರೆದಿಟ್ಟಂತೆ ಕಾಣುತ್ತದೆ. ಮಗುವಿನಿಂದ ಮುಂದಕ್ಕೆ ನೋಡಿದರೆ ದಾರಿಗಳು ಹಲವು. ಮನೆಯ ಹಿರಿಯರು ನೋಡುವುದು ಸಾಮಾನ್ಯವಾಗಿ ಹಿಂದಿನಿಂದಲೇ.

ಪೂರ್ವಕರ್ಮವೆಂದು ಕೈಚೆಲ್ಲುವವರೂ ಇದ್ದಾರೆ. ಚರಕರು ದೈವವನ್ನೂ ಪುರುಷಕಾರವನ್ನೂ ತೂಗಿ ನೋಡಿ, ಬಲವಾದ ಪ್ರಯತ್ನವು ದುರ್ಬಲವಾದ ದೈವವನ್ನು ಮೀರುತ್ತದೆಂದೇ ವಿಮಾನಸ್ಥಾನದಲ್ಲಿ ನಿರ್ಣಯಿಸಿದ್ದಾರೆ. ಮಗುವಿನ ವಿಷಯದಲ್ಲಿ ದೈವ ದುರ್ಬಲವೋ ಪ್ರಬಲವೋ ಎಂಬುದು ಪ್ರಯತ್ನ ಮಾಡಿ ನೋಡುವವರೆಗೂ ಯಾರಿಗೂ ತಿಳಿಯುವುದಿಲ್ಲ.

ಹಾಗೆ ಪ್ರಯತ್ನ ಮಾಡಿ ನೋಡಿದ ಒಂದು ನಿದರ್ಶನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಭಾರತದಿಂದ ಕಬ್ಬಿನ ತೋಟಗಳ ಕೂಲಿಗೆಂದು ಹೋದವರ ಸಂತತಿಯೇ ಹೆಚ್ಚು. 1970ರ ದಶಕದ ಆರಂಭದಲ್ಲಿ ಅಲ್ಲಿನ ವಾಕ್ವಾ ಮತ್ತು ಕಾತ್ರ್ ಬೋರ್ನ್ ಎಂಬ ಎರಡು ಪಟ್ಟಣಗಳ ಮೂರು ವರ್ಷದ 1795 ಮಕ್ಕಳನ್ನು ಪೀಟರ್ ವೆನೆಬಲ್ಸ್, ಸಾರ್ನಾಫ್ ಮೆಡ್ನಿಕ್ ಮುಂತಾದ ವಿದ್ವಾಂಸರು ಪರೀಕ್ಷಿಸಿದರು. ಅವರಲ್ಲಿ ನೂರು ಮಕ್ಕಳನ್ನು ಆಯ್ದು ವಿಶೇಷವಾಗಿ ಸಿದ್ಧಪಡಿಸಿದ ಎರಡು ಶಿಶುವಿಹಾರಗಳಲ್ಲಿ ಮೂರರಿಂದ ಐದು ವರ್ಷದವರೆಗೆ ಸಲಹಿದರು. ಉಳಿದ ಮಕ್ಕಳು ಊರಿನ ಎಂದಿನ ಬಾಲವಾಡಿಗಳಿಗೆ ಹೋದರು. ವಿಶೇಷ ಶಿಶುವಿಹಾರದಲ್ಲಿ ನಡೆದದ್ದು ಪವಾಡವಲ್ಲ. ಮಕ್ಕಳಿಗೆ ಹಾಲು, ಹಣ್ಣಿನ ರಸ, ಹಸಿ ತರಕಾರಿ ಮತ್ತು ಬಿಸಿ ಊಟ. ಪ್ರತಿದಿನ ಆಟ, ವ್ಯಾಯಾಮ, ಬಯಲಿನಲ್ಲಿ ಓಡಾಟ. ಕೈಕಾಲು ತೊಳೆಯುವುದರಿಂದ ಹಿಡಿದು ಆರೋಗ್ಯದ ಅಭ್ಯಾಸಗಳು. ಮಾತು, ಚಿತ್ರ, ಕಥೆಗಳ ಮೂಲಕ ಕಲಿಕೆ. ಆಗಾಗ ವೈದ್ಯಕೀಯ ತಪಾಸಣೆ. ಒಬ್ಬ ಶಿಕ್ಷಕಿಯ ಪಾಲಿಗೆ ಐದಾರು ಮಕ್ಕಳು ಮಾತ್ರ. ಎರಡೇ ವರ್ಷ. ಅನಂತರ ಎಲ್ಲರೂ ಸಾಮಾನ್ಯ ಶಾಲೆಗಳಿಗೇ ಹೋದರು.

ಬಳಿಕ ಏಡ್ರಿಯನ್ ರೇನ್ ಮತ್ತು ಅವರ ಸಹೋದ್ಯೋಗಿಗಳು ಈ ಮಕ್ಕಳ ಬೆನ್ನು ಹತ್ತಿದರು. ಹನ್ನೊಂದನೆಯ ವಯಸ್ಸಿನಲ್ಲಿ ಅವರ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ ಅವು ಹೆಚ್ಚು ಜಾಗೃತವಾಗಿದ್ದವು. 17ನೆಯ ವಯಸ್ಸಿನಲ್ಲಿ ವರ್ತನೆಯ ದೋಷಗಳೂ, ಜನರಿಂದ ದೂರ ಸರಿಯುವ ವಿಚಿತ್ರ ಸ್ವಭಾವದ ಲಕ್ಷಣಗಳೂ ಇತರರಿಗಿಂತ ಕಡಿಮೆಯಿದ್ದವು. 23ನೆಯ ವಯಸ್ಸಿನಲ್ಲಿ ಅಪರಾಧ ನಡತೆಯೂ ಕಡಿಮೆ. ಈ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ನಮ್ಮ ಗಮನ ಸೆಳೆದ ಅಂಶ ಮತ್ತೊಂದಿದೆ: ಮೂರನೆಯ ವಯಸ್ಸಿನಲ್ಲಿ ಅಪೌಷ್ಟಿಕತೆಯ ಚಿಹ್ನೆಗಳಿದ್ದ ಮಕ್ಕಳಿಗೇ ಹೆಚ್ಚು ಪ್ರಯೋಜನವಾಯಿತು. ತುಟಿಯ ಅಂಚು ಬಿರಿದು, ಕೂದಲು ಕೆಂಚಾಗಿ, ರಕ್ತ ಕಡಿಮೆಯಾಗಿ ಸೊರಗಿದ ಮಗುವಿನ ಹಟವನ್ನು ನಾವು ಗುಣದೋಷವೆಂದು ತೀರ್ಮಾನಿಸುವ ಮೊದಲು ಎರಡು ಬಾರಿ ಯೋಚಿಸಬೇಕೆಂದು ಇದರಿಂದ ತಿಳಿಯುತ್ತದೆ. ಅಲ್ಲಿನ ಬಿಸಿ ಊಟದಲ್ಲಿ ಮೀನು, ಕೋಳಿ, ಕುರಿಯ ಮಾಂಸಗಳಿದ್ದವೆಂಬುದನ್ನು ಮರೆಮಾಚುವುದು ಸರಿಯಲ್ಲ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಹಾಲು, ಮೊಸರು, ಹೆಸರು, ಮಡಕೆ, ಶೇಂಗಾ, ಸೊಪ್ಪು, ರಾಗಿ, ಬೆಲ್ಲ, ನಿಂಬೆಹುಳಿ ತಪ್ಪದೆ ಒದಗಿದರೆ ಮಗುವಿನ ಪೋಷಣೆಗೆ ಬಹುಮಟ್ಟಿಗೆ ಸಾಕು. ಊಟದೊಡನೆ ಚಹಾ ಕೊಡುವುದನ್ನು ಮಾತ್ರ ನಿಲ್ಲಿಸಬೇಕು, ಅದು ಕಬ್ಬಿಣದ ಅಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ನಮ್ಮ ರಾಜ್ಯದಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಅಂಗನವಾಡಿಗೂ ಬರುತ್ತಿದೆ. ಅದನ್ನು ಬಡವರ ಮಕ್ಕಳ ಪಾಲೆಂದು ಬಿಟ್ಟು, ಮನೆಯಲ್ಲಿ ಮಗುವಿಗೆ ಐದು ರೂಪಾಯಿಯ ಪೊಟ್ಟಣದ ತಿಂಡಿ ಹಿಡಿಸುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ.

ಆದರೆ ಊಟವೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಮಗು ಮತ್ತು ಪಾಲಕರ ನಡುವೆ ದಿನಕ್ಕೆ ಹತ್ತಾರು ಬಾರಿ ನಡೆಯುವ ಕೊಡುಕೊಳೆಯಲ್ಲಿಯೇ ಸ್ವಭಾವ ಕಟ್ಟಿಕೊಳ್ಳುತ್ತದೆ. ಕಿರಾಣಿ ಅಂಗಡಿಯ ಮುಂದೆ ನಡೆಯುವ ಪ್ರಸಂಗವನ್ನು ನೆನೆಯಿರಿ. ಮಗು ಚಿಪ್ಸ್ ಪೊಟ್ಟಣ ಬೇಕೆನ್ನುತ್ತದೆ. ತಾಯಿ ಬೇಡವೆನ್ನುತ್ತಾಳೆ. ಮಗು ಕಿರುಚುತ್ತದೆ. ತಾಯಿ ಗದರುತ್ತಾಳೆ. ಮಗು ನೆಲದ ಮೇಲೆ ಬಿದ್ದು ಹೊರಳಾಡುತ್ತದೆ. ನಾಲ್ಕು ಜನ ನೋಡುತ್ತಾರೆಂಬ ನಾಚಿಕೆಯಿಂದ ತಾಯಿ ಪೊಟ್ಟಣ ಕೊಡಿಸುತ್ತಾಳೆ. ಆ ಕ್ಷಣಕ್ಕೆ ಇಬ್ಬರಿಗೂ ಸಮಾಧಾನ. ಮಗುವಿಗೆ ತಿನಿಸು ಸಿಕ್ಕಿತು, ತಾಯಿಗೆ ಗದ್ದಲ ನಿಂತಿತು. ಆದರೆ ಮಗು ಕಲಿತದ್ದೇನು? ಸಾಮಾನ್ಯವಾಗಿ ಕೇಳಿದರೆ ಸಿಗುವುದಿಲ್ಲ, ಹೊರಳಾಡಿದರೆ ಸಿಗುತ್ತದೆ. ಮರುದಿನ ತಾಯಿ ಮನಸ್ಸು ಗಟ್ಟಿ ಮಾಡಿ ಹೊಡೆಯುತ್ತಾಳೆ, ಮಗು ತಣ್ಣಗಾಗುತ್ತದೆ. ಈಗ ತಾಯಿ ಕಲಿತದ್ದೇನು? ಹೇಳಿದರೆ ಕೇಳುವುದಿಲ್ಲ, ಹೊಡೆದರೆ ಕೇಳುತ್ತದೆ. ಹೀಗೆ ಒಬ್ಬರು ಇನ್ನೊಬ್ಬರಿಗೆ ಬಲಪ್ರಯೋಗದ ಪಾಠ ಹೇಳಿಕೊಡುತ್ತ ಹೋಗುತ್ತಾರೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬವರು ಕುಟುಂಬಗಳನ್ನು ಬಹುಕಾಲ ಅವಲೋಕಿಸಿ ವಿವರಿಸಿದ ಚಕ್ರವೂ ಇದೇ. ಹತ್ತು ವರ್ಷ ಈ ಚಕ್ರದಲ್ಲಿ ತಿರುಗಿದ ಹುಡುಗ ಶಾಲೆಗೆ, ಗೆಳೆಯರ ಗುಂಪಿಗೆ, ಕೊನೆಗೆ ತನ್ನ ಸಂಸಾರಕ್ಕೆ ಅದನ್ನೇ ಒಯ್ಯುತ್ತಾನೆ. ಮಗು ಕೆಟ್ಟದ್ದಲ್ಲ, ತಾಯಿಯೂ ಕೆಟ್ಟವಳಲ್ಲ. ಕೆಟ್ಟದ್ದು ಆ ಚಕ್ರ.

ಚರಕರು ಸೂತ್ರಸ್ಥಾನದಲ್ಲಿ ತಡೆಯಬಾರದ 13 ವೇಗಗಳನ್ನು ಹೇಳಿ, ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತಾರೆ. ಮಲಮೂತ್ರ, ಸೀನು, ಹಸಿವು, ನಿದ್ದೆಗಳನ್ನು ತಡೆಯಬಾರದು. ಲೋಭ, ಭಯ, ಕ್ರೋಧ, ಈರ್ಷ್ಯೆ ಮುಂತಾದ ಮನಸ್ಸಿನ ವೇಗಗಳನ್ನು ತಡೆಯಬೇಕು. ಈ ತಡೆಯುವ ಶಕ್ತಿಯೇ ಧೃತಿ. ಅದು ಮಗುವಿಗೆ ಹುಟ್ಟಿನಿಂದ ಬರುವುದಿಲ್ಲ. ಪಾಲಕರ ಧೃತಿಯನ್ನು ನೋಡಿ ನೋಡಿ ಅದು ಸಾಲ ಪಡೆಯುತ್ತದೆ. ಪಾಲಕರ ಬಳಿಯೇ ಇಲ್ಲದಿದ್ದರೆ ಸಾಲ ಎಲ್ಲಿಂದ ಹುಟ್ಟಬೇಕು?

ಆದ್ದರಿಂದ ಚಿಕಿತ್ಸೆ ಆರಂಭವಾಗುವುದು ಪಾಲಕರಿಂದ. ನಾವು ಈಗ ಇಂಥ ಮಗುವಿನ ಮನೆಯವರಿಗೆ ಮೊದಲು ಹೇಳುವುದು ಇಷ್ಟು: ದಿನಕ್ಕೆ ಹತ್ತು ಹದಿನೈದು ನಿಮಿಷ ಮೊಬೈಲ್ ಬದಿಗಿಟ್ಟು ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಆಟ ಯಾವುದೆಂದು ಮಗುವೇ ನಿರ್ಧರಿಸಲಿ. ನೀವು ಕಲಿಸಬೇಡಿ, ತಿದ್ದಬೇಡಿ, ಪ್ರಶ್ನೆ ಕೇಳಬೇಡಿ. ಅದು ಮಾಡುವುದನ್ನು ನೋಡಿ, ಜೊತೆಗೂಡಿ. ಕೇಳಲು ಸುಲಭ, ಮಾಡಲು ಬಹಳ ಕಷ್ಟ. ವಾರದ ಬಳಿಕ ಬಂದ ತಂದೆಯೊಬ್ಬರು, "ಮಗ ಮಣ್ಣಿನಲ್ಲಿ ಎತ್ತು ಮಾಡುತ್ತಿದ್ದ, ಕೊಂಬು ಹೀಗಲ್ಲ ಎನ್ನದೆ ಇರಲು ನಾಲಿಗೆ ಕಚ್ಚಿಕೊಂಡೆ" ಎಂದರು. ಎರಡನೆಯದು, ಒಳ್ಳೆಯ ನಡತೆ ಕಂಡ ಕೂಡಲೇ ಹೆಸರಿಟ್ಟು ಹೇಳುವುದು. 'ಜಾಣ' ಎಂಬ ಪೊಳ್ಳು ಹೊಗಳಿಕೆ ಬೇಡ. "ತಂಗಿಗೆ ಚೆಂಡು ಕೊಟ್ಟೆಯಲ್ಲ, ನನಗೆ ಸಂತೋಷವಾಯಿತು" ಎಂಬ ಖಚಿತ ಮಾತು ಬೇಕು. ಹಟಮಾರಿಯೆಂದು ಹೆಸರಾದ ಮಗುವನ್ನು ಯಾರೂ ಹೊಗಳುವುದಿಲ್ಲ, ಅದು ಸುಮ್ಮನೆ ಇದ್ದ ಹೊತ್ತಿನಲ್ಲಿ ಯಾರೂ ಅದರ ಕಡೆ ನೋಡುವುದಿಲ್ಲ. ಗಮನ ಬೇಕೆಂದರೆ ಅದು ಏನಾದರೂ ಒಡೆಯಲೇಬೇಕಾಗುತ್ತದೆ. ಇನ್ನು ಆಜ್ಞೆಯ ವಿಷಯ. ದೂರದಿಂದ ಕೂಗಿ ಹತ್ತು ಅಪ್ಪಣೆ ಮಾಡುವುದಕ್ಕಿಂತ ಹತ್ತಿರ ಹೋಗಿ ಒಂದೇ ಮಾತನ್ನು ಶಾಂತವಾಗಿ ಹೇಳಬೇಕು. ಸಣ್ಣಪುಟ್ಟ ಕಿರಿಕಿರಿಗಳನ್ನು ಕಂಡೂ ಕಾಣದಂತಿರಬೇಕು. ಹೊಡೆಯುವುದು, ಕಚ್ಚುವುದು ಮುಂತಾದವಕ್ಕೆ ಮಾತ್ರ ಮೊದಲೇ ತಿಳಿಸಿದ, ಚಿಕ್ಕದಾದ, ತಪ್ಪದೆ ಜಾರಿಯಾಗುವ ಶಿಕ್ಷೆ ಇರಬೇಕು: ಆಟ ಕೆಲವು ನಿಮಿಷ ನಿಲ್ಲುತ್ತದೆ, ಆ ದಿನದ ಟಿ.ವಿ. ಇಲ್ಲ, ಹೀಗೆ. ಅಪ್ಪ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಡಬಾರದು. ಕೂಡುಕುಟುಂಬದಲ್ಲಿ ಎಲ್ಲಕ್ಕಿಂತ ಕಠಿಣವಾದ ಪಥ್ಯ ಇದು.

ಲಂಡನ್ನಿನಲ್ಲಿ ಸ್ಟೀಫನ್ ಸ್ಕಾಟ್ ಮತ್ತು ಅವರ ತಂಡ ಇದೇ ಬಗೆಯ ಶಿಕ್ಷಣವನ್ನು, ತೀವ್ರ ತೊಡಕಿನಿಂದ ಚಿಕಿತ್ಸಾಲಯಕ್ಕೆ ಬಂದಿದ್ದ ಮೂರರಿಂದ ಏಳು ವರ್ಷದ ಮಕ್ಕಳ ಪಾಲಕರಿಗೆ ಗುಂಪಿನಲ್ಲಿ ಕೊಟ್ಟು, ಮಕ್ಕಳು ಹದಿಹರೆಯಕ್ಕೆ ಬಂದಾಗ ಮತ್ತೆ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ವರದಿಯಂತೆ ಆ ಮಕ್ಕಳಲ್ಲಿ ಸಮಾಜವಿರೋಧಿ ಸ್ವಭಾವದ ಲಕ್ಷಣಗಳು ಕಡಿಮೆಯಾಗಿದ್ದವು, ಓದುವ ಸಾಮರ್ಥ್ಯ ಹೆಚ್ಚಿತ್ತು, ಪಾಲಕರ ಮಾತಿನಲ್ಲಿ ಮಮತೆ ಉಳಿದಿತ್ತು. ತೊಡಕು ಅಷ್ಟು ತೀವ್ರವಲ್ಲದ, ಶಾಲೆಗಳಿಂದ ಆರಿಸಿದ ಮಕ್ಕಳಲ್ಲಿ ಅಂಥ ದೀರ್ಘಕಾಲದ ವ್ಯತ್ಯಾಸ ಕಾಣಲಿಲ್ಲ. ಬೆಂಕಿ ಜೋರಾಗಿರುವ ಕಡೆಗೇ ನೀರು ಮೊದಲು ಒಯ್ಯಬೇಕು ಎಂಬುದು ನಮಗೆ ಅರ್ಥವಾದ ಮಾತು. 'ಇಷ್ಟು ಕೆಟ್ಟ ಮಗುವಿಗೆ ಏನು ಪ್ರಯೋಜನ' ಎಂದು ಹಿಂಜರಿಯುವವರಿಗೆ ಇದು ಉತ್ತರ.

ಭಯಪಡಿಸಿ ಮಗುವನ್ನು ಸರಿಪಡಿಸಬಹುದೆಂಬ ನಂಬಿಕೆ ನಮ್ಮಲ್ಲಿ ಬಹಳ ಬೇರೂರಿದೆ. ಅಳುವ, ಉಣ್ಣದ, ಮಾತು ಕೇಳದ ಮಗುವಿಗೆ ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಹೆದರಿಸುವುದು ಸಲ್ಲದೆಂದು ಚರಕರು ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. ಗುಮ್ಮ ಬಂದ, ಪೊಲೀಸಪ್ಪ ಬಂದ, ಡಾಕ್ಟರು ಸೂಜಿ ಚುಚ್ಚುತ್ತಾರೆ ಎನ್ನುವವರು ಇದನ್ನು ಗಮನಿಸಬೇಕು. (ಈ ಕೊನೆಯ ಬೆದರಿಕೆಯ ಫಲವನ್ನು ನಾವು ಪ್ರತಿದಿನ ಉಣ್ಣುತ್ತಿದ್ದೇವೆ.) ಆಟಿಕೆ ಕೂಡ ಬಣ್ಣವುಳ್ಳದ್ದು, ದನಿ ಮಾಡುವಂಥದು, ಹಗುರವಾದದ್ದು, ಮೊನೆಯಿಲ್ಲದ್ದು, ಬಾಯಿಗೆ ಹೋಗದಂಥದು, ಹೆದರಿಕೆ ಹುಟ್ಟಿಸದಂಥದು ಆಗಿರಬೇಕೆಂದು ಅದೇ ಅಧ್ಯಾಯ ವಿಧಿಸುತ್ತದೆ. ಏಟಿನ ವಿಷಯದಲ್ಲಿ ನಮ್ಮ ಅನುಭವವಿಷ್ಟು: ಅಂಜುವ ಮಗು ಏಟಿನಿಂದ ಇನ್ನಷ್ಟು ಮುದುಡುತ್ತದೆ, ಅಂಜದ ಮಗು ಏಟಿಗೆ ಒಗ್ಗಿಕೊಳ್ಳುತ್ತದೆ. ಮೊದಲಿಗೆ ಹೇಳಿದ ತಾಯಿಯ ಮಗ ಹೊಡೆದರೆ ಅಳುವುದಿಲ್ಲವೆಂಬುದು ಅವನ ಕಲ್ಲುಮನಸ್ಸಿನ ಸಾಕ್ಷಿಯಲ್ಲ, ಅವನು ತಿಂದ ಏಟುಗಳ ಲೆಕ್ಕ.

'ಹಾಸ್ಟೆಲಿಗೆ ಹಾಕಿದರೆ ಸರಿಹೋಗುತ್ತಾನೆ' ಎಂಬ ಇನ್ನೊಂದು ಮಾತಿದೆ. ಮಠಗಳ ಪ್ರಸಾದ ನಿಲಯಗಳಲ್ಲಿ ಓದಿ ಬಾಳು ಕಟ್ಟಿಕೊಂಡವರು ನಮ್ಮ ನಾಡಿನಲ್ಲಿ ಅಸಂಖ್ಯ; ನಾವೂ ಅವರಲ್ಲೊಬ್ಬರು. ಆದರೆ ವಿದ್ಯೆಗಾಗಿ ಹನ್ನೆರಡು ವರ್ಷದ ಹುಡುಗನನ್ನು ಕಳುಹಿಸುವುದು ಒಂದು. ತುಂಟತನಕ್ಕೆ ಶಿಕ್ಷೆಯಾಗಿ ಆರು ವರ್ಷದ ಕೂಸನ್ನು ಬಿಟ್ಟುಬರುವುದು ಇನ್ನೊಂದು. ಲಂಡನ್ನಿನ ಜಾನ್ ಬೌಲ್ಬಿ 1944ರಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದ 44 ಮಕ್ಕಳನ್ನು ಕುರಿತು ಬರೆದರು. ಅವರಲ್ಲಿ ಯಾರ ಮೇಲೂ ಪ್ರೀತಿಯಿಲ್ಲದಂತೆ ಕಂಡ 14 ಮಕ್ಕಳ ಪೈಕಿ 12 ಮಂದಿ ಎಳವೆಯಲ್ಲಿ ದೀರ್ಘಕಾಲ ತಾಯಿಯಿಂದ ಅಗಲಿದ್ದವರು. ಆ ಅಧ್ಯಯನ ಚಿಕ್ಕದು, ಅದರ ವಿಧಾನಕ್ಕೆ ಆಕ್ಷೇಪಗಳೂ ಬಂದವು. ಆದರೂ ಎಳೆಯ ಮಗುವಿಗೆ ತನ್ನವರೆಂಬ ಒಬ್ಬರಾದರೂ ಸ್ಥಿರವಾಗಿರಬೇಕೆಂಬ ಮಾತು ಅನಂತರದ ಅಧ್ಯಯನಗಳಲ್ಲಿಯೂ ನಿಂತಿದೆ. ತಾಯಿಯೇ ಆಗಬೇಕೆಂದಿಲ್ಲ. ಅಜ್ಜಿ, ಸೋದರತ್ತೆ, ಸೋದರಮಾವ, ಯಾರಾದರೂ ಆದೀತು, ಆದರೆ ತಿಂಗಳಿಗೊಬ್ಬರು ಬದಲಾಗಬಾರದು.

ವೈದ್ಯರಾದವರು ಮಗುವಿಗಿಂತ ಮೊದಲು ಮನೆಯನ್ನು ಪರೀಕ್ಷಿಸಬೇಕು. ತಾಯಿಗೆ ಖಿನ್ನತೆಯಿದೆಯೇ? ಹೆರಿಗೆಯ ನಂತರ ಮಂಕಾಗಿ ಕುಳಿತ ಹೆಣ್ಣುಮಗಳನ್ನು ಸೋಮಾರಿಯೆಂದು ಜರೆಯುವ ಮನೆಗಳು ಎಷ್ಟೋ ಇವೆ. ತಾಯಿಯ ಖಿನ್ನತೆ ಗುಣವಾದಾಗ ಮಕ್ಕಳ ತೊಂದರೆಗಳೂ ಇಳಿಮುಖವಾದದ್ದನ್ನು ಅಧ್ಯಯನಗಳು ತೋರಿಸಿವೆ. ತಂದೆ ಕುಡಿಯುತ್ತಾರೆಯೇ? ಮಗುವಿನ ಕಣ್ಣೆದುರು ಹೊಡೆದಾಟ ನಡೆಯುತ್ತದೆಯೇ? ಸಂಕೋಚಪಡದೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಶಾಂತವಾಗಿದ್ದ ಮಗು ಥಟ್ಟನೆ ಕ್ರೂರವಾಗಿಯೋ ಮೂಕವಾಗಿಯೋ ಬದಲಾದರೆ, ಯಾರನ್ನೋ ಕಂಡು ಬೆದರಿದರೆ, ಅದರ ಮೈಯನ್ನು ಯಾರಾದರೂ ಕೆಟ್ಟದಾಗಿ ಮುಟ್ಟಿರಬಹುದೇ ಎಂದು ಯೋಚಿಸಬೇಕು. ಅಪರಾಧಿ ಹೆಚ್ಚಾಗಿ ಪರಿಚಿತನೇ ಆಗಿರುತ್ತಾನೆ. ಮಾನದ ಹೆಸರಿನಲ್ಲಿ ಇದನ್ನು ಮುಚ್ಚಿಡುವುದು 2012ರ ಪೋಕ್ಸೊ ಕಾಯಿದೆಯಂತೆ ಅಪರಾಧವೂ ಹೌದು.

ಮಗುವಿನಲ್ಲಿಯೂ ಬೇರೆ ಕಾರಣಗಳನ್ನು ಹುಡುಕಬೇಕು. ಕಿವಿ ಮಂದವಾಗಿದ್ದರೆ ಮಾತು ಕೇಳದ ಮಗುವೆಂಬ ಹೆಸರು ಬರುತ್ತದೆ. ಅಕ್ಷರ ಗ್ರಹಿಸಲಾಗದ ಕಲಿಕೆಯ ತೊಂದರೆ, ಒಂದೆಡೆ ನಿಲ್ಲಲಾಗದ ಅತಿಚಟುವಟಿಕೆ, ಆಟಿಸಂ, ಫಿಟ್ಸ್, ನಿದ್ರಾಹೀನತೆ ಇವೆಲ್ಲವೂ ಹಟದ ವೇಷದಲ್ಲಿ ಬರುತ್ತವೆ. ಹಾಗಾದರೆ ತಡಮಾಡದೆ ತಜ್ಞರಲ್ಲಿಗೆ ಒಯ್ಯಬೇಕಾದ ಲಕ್ಷಣಗಳಾವುವು? ಎರಡು ಮೂರು ವರ್ಷದ ಮಗು ಹೊಡೆಯುವುದು, ಕಚ್ಚುವುದು ಸಹಜ. ಶಾಲೆಗೆ ಸೇರಿದ ಮೇಲೂ ಅದು ಹೆಚ್ಚುತ್ತಲೇ ಹೋದರೆ, ಮನೆ, ಶಾಲೆ ಎರಡೂ ಕಡೆ ಆರು ತಿಂಗಳು ಮುಂದುವರಿದರೆ, ಪ್ರಾಣಿಗಳಿಗೆ ಬೇಕೆಂದೇ ಹಿಂಸೆ ಕೊಟ್ಟರೆ, ಬೆಂಕಿಯಿಟ್ಟರೆ, ಇನ್ನೊಬ್ಬರ ಅಳುವಿಗೆ ಮನಸ್ಸು ಕದಲದಿದ್ದರೆ ಕಾಯಬಾರದು. ಸದ್ದಿಲ್ಲದ ಮಗುವನ್ನೂ ಮರೆಯಬಾರದು. ಯಾರ ಗೆಳೆತನವನ್ನೂ ಬಯಸದೆ, ಎಲ್ಲರೂ ತನ್ನ ವಿರುದ್ಧವೇ ಎಂದು ಮೂಲೆ ಸೇರಿದ ಮಗುವನ್ನು 'ಬಹಳ ಸಂಭಾವಿತ' ಎಂದು ಮೆಚ್ಚಿ ಬಿಟ್ಟುಬಿಡುತ್ತೇವೆ. ಹದಿಹರೆಯದ ಮಕ್ಕಳು, ಅದರಲ್ಲೂ ಹುಡುಗಿಯರು, ಕೈಗೆ ಗಾಯ ಮಾಡಿಕೊಂಡು ತೋಳಿನ ಅಂಗಿಯಲ್ಲಿ ಮರೆಸುವುದುಂಟು. ಅದನ್ನು ನಾಟಕವೆನ್ನಬೇಡಿ, ಗದರಬೇಡಿ. ಪಕ್ಕದಲ್ಲಿ ಕುಳಿತು ಕೇಳಿ, ಅದೇ ವಾರ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಅದು ತಡೆಯಲಾರದ ನೋವಿನ ಗುರುತು, ಅದಕ್ಕೆ ಫಲಕಾರಿಯಾದ ಚಿಕಿತ್ಸೆಯಿದೆ.

ಔಷಧಿಯ ಬಗ್ಗೆ ನಮ್ಮನ್ನು ಕೇಳದೆ ಬಿಡುವವರಿಲ್ಲ. ಬ್ರಾಹ್ಮೀ ಘೃತ, ಕಲ್ಯಾಣಕ ಘೃತಗಳನ್ನು ನಾವು ಈಗಲೂ ಬಳಸುತ್ತೇವೆ. ಮಗುವಿನ ಅಗ್ನಿಯನ್ನು ನೋಡಿ, ಮಿತವಾಗಿ. ಮಲಗುವ ಮುನ್ನ ಅಂಗಾಲಿಗೆ, ನೆತ್ತಿಗೆ ತಾಯಿಯೇ ಎಣ್ಣೆ ಹಚ್ಚಲು ಹೇಳುತ್ತೇವೆ. ಅದರಲ್ಲಿ ಎಣ್ಣೆಯ ಗುಣವೆಷ್ಟು, ತಾಯಿಯ ಕೈಯ ಗುಣವೆಷ್ಟು ಎಂದು ಬೇರ್ಪಡಿಸುವ ಗೋಜಿಗೆ ನಾವು ಹೋಗಿಲ್ಲ. ಆದರೆ ತುಪ್ಪದಿಂದ ಸ್ವಭಾವ ತಿದ್ದುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸ್ವಭಾವ ತಿದ್ದುವ ಚಿಕಿತ್ಸೆಗೆ ಚರಕರಿಟ್ಟ ಹೆಸರು ಸತ್ತ್ವಾವಜಯ, ಅಂದರೆ ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಸ್ಮೃತಿಸಾಗರ ರಸದಂಥ ಪಾದರಸಯುಕ್ತ ಗುಳಿಗೆಗಳನ್ನು ಬುದ್ಧಿಗೆ ಒಳ್ಳೆಯದೆಂದು ತಾವೇ ಕೊಂಡು ಮಕ್ಕಳಿಗೆ ತಿನ್ನಿಸುವುದನ್ನಂತೂ ದಯವಿಟ್ಟು ನಿಲ್ಲಿಸಬೇಕು.

ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೂ ಅವರು ಬರುತ್ತಾರೆ. ದಿನವನ್ನು ಅಲ್ಲಿಯೇ ವಿಚಾರಿಸಬಹುದು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಪ್ರತ್ಯೇಕ ವಿಭಾಗವಿದೆ. ದೂರ ಹೋಗಲಾಗದವರು 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳು ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ, ಹಣವಿಲ್ಲ. ಮಗುವಿಗೆ ಹಿಂಸೆಯಾಗುತ್ತಿದ್ದರೆ 1098.

ಮೂವತ್ತು ವರ್ಷಗಳ ಹಿಂದಿನ ಆ ಹುಡುಗನ ಹೆಂಡತಿ ಕಳೆದ ಶ್ರಾವಣದಲ್ಲಿ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದಳು. ಮಗು ಬೆಕ್ಕಿನ ಬಾಲಕ್ಕೆ ಬಟ್ಟೆ ಕಟ್ಟಿ ಬೆಂಕಿಕಡ್ಡಿ ಹುಡುಕುತ್ತಿತ್ತಂತೆ. ಈ ಬಾರಿ ನಾವು ಮೊದಲು ತಾಯಿಯನ್ನೇ ಕೂರಿಸಿ ಕೇಳಿದೆವು, ಮುಕ್ಕಾಲು ಗಂಟೆ ಹಿಡಿಯಿತು. ಮಗುವಿನ ರಕ್ತ ಪರೀಕ್ಷೆಯಾಯಿತು, ಹಿಮೋಗ್ಲೋಬಿನ್ ಕಡಿಮೆಯಿತ್ತು, ಅದಕ್ಕೆ ಔಷಧಿ ನಡೆದಿದೆ. ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಗೆ ಹೋಗಿಬರುತ್ತಾರೆ. ಪ್ರತಿ ಗುರುವಾರ ಅಜ್ಜಿ, ಅಂದರೆ ಅಂದು ಮೂಲೆಯಲ್ಲಿ ಸೆರಗು ಹೊದ್ದು ಕುಳಿತಿದ್ದ ಆ ತಾಯಿ, ಮೊಮ್ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಮನೆಯಲ್ಲಿ ಹದಿನೈದು ನಿಮಿಷ ನೆಲದ ಮೇಲೆ ಕೂರುವವರೂ ಅವರೇ. ಮಗು ಈಗ ಬೆಕ್ಕಿಗೆ ತಾನೇ ಹಾಲು ಹಾಕುತ್ತದೆ. ತಂಗಿಯನ್ನು ದೂಡುವುದು ಇನ್ನೂ ಪೂರ್ತಿ ನಿಂತಿಲ್ಲ. ಮಗುವಿನ ತಂದೆಗೆ ಎರಡು ಬಾರಿ ಹೇಳಿಕಳುಹಿಸಿದ್ದೇವೆ. ಕಳೆದ ಗುರುವಾರ ಅವರು ಹೊರಗೆ ಬೈಕಿನ ಮೇಲೆಯೇ ಕುಳಿತಿದ್ದರು, ಒಳಗೆ ಬರಲಿಲ್ಲ. ನಾವೇ ಹೊರಗೆ ಹೋಗಿ ಮಾತನಾಡಿಸಿದೆವು.